ಚೀಟಿ ಹರಿದು ಕೊಡುವ ಹುಡುಗನ ಹೆಸರು

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಮುಂಬಯಿ, ಪುಣೆ, ಗೋವೆ ಮೂರಕ್ಕೂ ಪಾರ್ಕಿಂಗ್ ವಿಭಾಗದ ಮುಖ್ಯಸ್ಥೆಯಾದೆ ಎಂದು ನಿನ್ನ ತಾಯಿ ಫೋನಿನಲ್ಲಿ ಹೇಳಿದಾಗ ನಾನು ನಕ್ಕದ್ದು ನಿಜ. ಕುಂದಾಪುರದಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಮೇಜು ಒರೆಸಿದವನಿಗೆ, ಕಾರು ನಿಲ್ಲಿಸುವ ಜಾಗಕ್ಕೂ ಇಷ್ಟು ದೊಡ್ಡ ಅಧಿಕಾರಿ ಬೇಕೆಂದು ಹೊಳೆಯುವುದು ಹೇಗೆ? ಆಮೇಲೆ ಕುಳಿತು ಲೆಕ್ಕ ಹಾಕಿದೆ. ನೆಲಮಾಳಿಗೆಯಲ್ಲಿ ಒಂದು ಕಾರಿಗೆ, ತಿರುಗುವ ದಾರಿಯೂ ಸೇರಿ, 32 ಚದರ ಮೀಟರ್, ಅಂದರೆ ಸುಮಾರು 344 ಚದರ ಅಡಿ, ಹಿಡಿಯುತ್ತಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ವರಳಿಯ ಬಿಡಿಡಿ ಚಾಳಿನಲ್ಲಿ, ಕಾರ್ಮಿಕರು ಬಾಳಿದ ಆ ಹಳೆಯ ಸಾಲುಮನೆಗಳಲ್ಲಿ, ಒಂದು ಸಂಸಾರದ ಕೋಣೆ 160 ಚದರ ಅಡಿ ಇತ್ತು. ಅಂದರೆ ಎರಡು ಸಂಸಾರ ಬಾಳಿದ ಜಾಗಕ್ಕಿಂತ ಹೆಚ್ಚು, ಒಂದು ಕಾರಿಗೆ! ನಕ್ಕದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲ ಆರು ತಿಂಗಳಲ್ಲಿ ಸೋರಿಕೆ ನಿಲ್ಲಿಸುತ್ತೇನೆ, ಗೇಟಿಗೆಲ್ಲ ಫಾಸ್ಟ್ಯಾಗ್, ಕ್ಯಾಮೆರಾ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಹಾಕಿಸು. ಆದರೆ ಹಣ ಎಲ್ಲಿ ಸೋರುತ್ತದೆ ಎಂಬುದರಲ್ಲಿ ನನಗೂ ಸ್ವಲ್ಪ ಅನುಭವವಿದೆ. ಹೋಟೆಲಿನ ಗಲ್ಲಾದಲ್ಲಿ ನಾನು ಕುಳಿತಿದ್ದ ಕಾಲದಲ್ಲಿ ಒಂದು ತಿಂಗಳು ಪ್ರತಿ ಶನಿವಾರ ಹಣ ಕಡಿಮೆ ಬಿತ್ತು. ಮಾಲೀಕರು ಒಬ್ಬ ಮಾಣಿಯನ್ನು ಹೊರಗೆ ಹಾಕಿದರು. ಮುಂದಿನ ಶನಿವಾರವೂ ಹಣ ಕಡಿಮೆಯೇ. ಶನಿವಾರ ಮಾತ್ರ ಗಲ್ಲಾ ರಾತ್ರಿಯ ಊಟದ ನೂಕುನುಗ್ಗಲಿನಲ್ಲಿ ಎಣಿಸದೆ ಕೈ ಬದಲಾಗುತ್ತಿತ್ತು, ಅಷ್ಟೇ. ಅದು ನನಗೆ ಗೊತ್ತಿತ್ತು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಆ ಹುಡುಗ ರಾತ್ರಿ ಶಾಲೆಯಲ್ಲಿ ನನ್ನದೇ ಬೆಂಚಿನಲ್ಲಿ ಕೂರುತ್ತಿದ್ದವನು. ಆಮೇಲೆ ಶಾಲೆಗೂ ಬರಲಿಲ್ಲ.

ನಿನ್ನಲ್ಲೂ ಅದೇ ಕಥೆ. ಹೊರಡುವ ಗಿರಾಕಿಯಿಂದ ಮರಳಿ ಪಡೆದ ಚೀಟಿಯನ್ನು ಮುಂದಿನ ಕಾರಿಗೆ ಕೊಡುವುದು, 'ಚೀಟಿ ಬೇಡವೆಂದರೆ ಅರ್ಧ ಕೊಡಿ ಸಾಹೇಬರೇ' ಎನ್ನುವುದು ಇವೆಲ್ಲ ನಿನಗೆ ತಿಳಿಯದ್ದಲ್ಲ. ಆ ಅರ್ಧಕ್ಕೆ ಒಪ್ಪುವ ಸಾಹೇಬರು ನಮ್ಮಂಥವರೇ ಎಂಬುದು ಬೇರೆ ಮಾತು. ಆದರೆ ಚೀಟಿ ಕೊಡುವ ಹುಡುಗನ ಮೇಲೆ ವರದಿ ಬರೆಸುವ ಮೊದಲು, ಒಂದು ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಯಾರಿಗೂ ಹೇಳದೆ ಹೋಗಿ ನಿಲ್ಲು. ಅವನ ಪಾಳಿ ಎಷ್ಟು ಗಂಟೆ? ಕೂರಲು ಕುರ್ಚಿ ಇದೆಯೇ? ಮೂತ್ರಕ್ಕೆ ಹೋದಾಗ ಗೇಟು ಯಾರ ಕೈಯಲ್ಲಿ? ದಿನಕ್ಕೆ ಇಷ್ಟು ತಂದು ಒಪ್ಪಿಸು ಎಂದು ಗುತ್ತಿಗೆದಾರ ಮೊದಲೇ ಗೆರೆ ಎಳೆದಿದ್ದರೆ, ಅದಕ್ಕಿಂತ ಮೇಲಿನದ್ದು ಯಾರ ಜೇಬಿಗೆ ಹೋಗುತ್ತದೆ ಎಂಬುದನ್ನು ಕ್ಯಾಮೆರಾ ತೋರಿಸುವುದಿಲ್ಲ. ಇಲ್ಲಿ ಪಾಲಿಕೆಯ ಎಷ್ಟೋ ಪಾರ್ಕಿಂಗ್ ಜಾಗಗಳನ್ನು ಮಹಿಳಾ ಸ್ವಸಹಾಯ ಗುಂಪುಗಳು ನಡೆಸಿವೆ. ಬಿಸಿಲಲ್ಲಿ ಚೀಟಿ ಹಿಡಿದು ನಿಂತ ಹೆಂಗಸರನ್ನು ಒಮ್ಮೆ ಮಾತನಾಡಿಸು. ನಿನ್ನ ತಿಂಗಳ ವರದಿಗಿಂತ ಹೆಚ್ಚು ತಿಳಿಯುತ್ತದೆ.

ಮುಂಬಯಿಯ ಇನ್ನೊಂದು ತಮಾಷೆ. ಬಿಲ್ಡರುಗಳಿಗೆ ಹೆಚ್ಚುವರಿ ಎಫ್‌ಎಸ್‌ಐ, ಅಂದರೆ ಅದೇ ನಿವೇಶನದಲ್ಲಿ ಇನ್ನಷ್ಟು ಕಟ್ಟುವ ಅವಕಾಶ, ಕೊಟ್ಟು ಪಾಲಿಕೆ ಬಹುಮಹಡಿ ಪಾರ್ಕಿಂಗ್ ಕಟ್ಟಿಸಿಕೊಂಡಿತು. ಒಳಗೆ ಜಾಗ ಖಾಲಿ ಇರುತ್ತಿತ್ತು, ಹೊರಗಿನ ರಸ್ತೆಯಲ್ಲಿ ಎರಡೆರಡು ಸಾಲು ಕಾರು. 2019ರ ಜುಲೈಯಲ್ಲಿ ಅಂಥ ಕಟ್ಟಡಗಳ ಆಸುಪಾಸಿನಲ್ಲಿ ಬೀದಿಯಲ್ಲಿ ನಿಲ್ಲಿಸಿದರೆ 5,000ದಿಂದ 23,000 ರೂಪಾಯಿಯವರೆಗೆ ದಂಡ ಎಂದು ಸಾರಬೇಕಾಯಿತು. ಒಳಗಿನ ದರ ನಿನ್ನ ಕೈಯಲ್ಲಿದ್ದರೂ ಹೊರಗಿನ ದಂಡ ನಿನ್ನ ಕೈಯಲ್ಲಿಲ್ಲ. ಹೊರಗೆ ಪುಕ್ಕಟೆ ಸಿಗುವಾಗ ಒಳಗೆ ಯಾರು ಬರುತ್ತಾರೆ? ಆದ್ದರಿಂದ ಟೆಂಡರಿನ ಅಂಕಿ ಬರೆಯುವ ಮೊದಲು ಆ ರಸ್ತೆಯಲ್ಲಿ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ನಡೆದು ನೋಡು. ಪುಣೆಯ ಮಾತು ನಿನಗೇ ಗೊತ್ತು: 2018ರಲ್ಲಿ ಅಲ್ಲಿಯ ಪಾಲಿಕೆ ಒಪ್ಪಿದ ಪಾರ್ಕಿಂಗ್ ನೀತಿಯ ಜಾರಿ ವರ್ಷಗಟ್ಟಲೆ ಎಳೆಯಿತು. ಬೆಸ ತಾರೀಕಿಗೆ ರಸ್ತೆಯ ಪಿ-1 ಬದಿಯಲ್ಲಿ, ಸಮ ತಾರೀಕಿಗೆ ಎದುರಿನ ಪಿ-2 ಬದಿಯಲ್ಲಿ ನಿಲ್ಲಿಸಿ ಎಂಬ ಫಲಕ ಓದಲು ನಾನಂತೂ ಪಂಚಾಂಗ ಇಟ್ಟುಕೊಂಡು ತಿರುಗಬೇಕು.

ಮಳೆಗಾಲ ಬರುವ ಮುಂಚೆ ನೆಲಮಾಳಿಗೆಗಳ ಪಂಪುಗಳನ್ನು ನಿನ್ನ ಕಣ್ಣೆದುರಿಗೇ ಓಡಿಸಿ ನೋಡು. 2021ರ ಜುಲೈಯಲ್ಲಿ ಕಾಂದಿವಲಿಯಲ್ಲಿ ಒಂದೇ ಪಾರ್ಕಿಂಗ್‌ನಲ್ಲಿ ನಾನೂರರಷ್ಟು ವಾಹನಗಳು ಮುಳುಗಿದವು. ಮತ್ತೆ, 'ವಾಹನ ಮಾಲೀಕರ ಹೊಣೆಯಲ್ಲಿ' ಎಂಬ ಫಲಕದ ಹಿಂದೆ ಅಡಗಬೇಡ. 1998ರಲ್ಲಿ ದಿಲ್ಲಿಯ ಹೋಟೆಲೊಂದರಲ್ಲಿ ಗಿರಾಕಿಯ ಕಾರನ್ನು ತಾನೇ ಒಯ್ದು ನಿಲ್ಲಿಸುವ ವ್ಯಾಲೆಟ್‌ಗೆ ಕೀಲಿ ಕೊಟ್ಟ ಕಾರು ಕಳವಾದಾಗ, ನಿರ್ಲಕ್ಷ್ಯವಿದ್ದರೆ ಆ ಬರಹ ಹೋಟೆಲನ್ನು ಉಳಿಸದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಕೀಲಿ ಇಸಿದುಕೊಂಡ ಮೇಲೆ ಕಾರು ನಿನ್ನ ಮಡಿಲಲ್ಲಿದ್ದಂತೆ.

ಗೋವೆಗೆ ಡಿಸೆಂಬರಿನಲ್ಲಿ ಹೋಗಬೇಡ, ಈಗಲೇ ಹೋಗು. ಡಿಸೆಂಬರಿನಲ್ಲಿ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಬಾಡಿಗೆ ಕಾರುಗಳೇ ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಅಲ್ಲಿ ಬಾಗಲಕೋಟೆ, ವಿಜಯಪುರ ಕಡೆಯಿಂದ ದುಡಿಯಲು ಬಂದವರು ಬಹಳ. ನಿನ್ನ ಗೇಟುಗಳಲ್ಲೂ ಕೆಲವರು ಇದ್ದಾರು. ಇಂಗ್ಲಿಷಿನಲ್ಲಿ ಕೇಳಿದರೆ 'ಎಲ್ಲ ಸರಿಯಿದೆ ಮೇಡಂ' ಎನ್ನುತ್ತಾರೆ. ಕನ್ನಡದಲ್ಲಿ ಊಟವಾಯಿತೇ ಎಂದು ಕೇಳು, ಆಮೇಲೆ ಸುಮ್ಮನಿರು.

ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಪುಣೆಗೆ ಬರುವವರ ಕೈಯಲ್ಲಿ ಕಳುಹಿಸುತ್ತೇನೆ. ಗೋವೆಯ ಹುಡುಗರು ಏನು ಹೇಳಿದರೆಂದು ನನಗೆ ಬರೆ.

ನಿನ್ನ
ಸೋದರಮಾವ