ಬಣ್ಣದಡಿಯ ಪುಟ್ಟಿ: ಫಿಯೆಟ್ ಡಿಲೈಟ್ ಕಾರಿನ ಬಾಡಿ ಕೆಲಸದ ಕುರಿತು ದೂರು

ಮುಲುಂಡ್, ಮುಂಬಯಿ
2 ಸೆಪ್ಟೆಂಬರ್ 2024

ಮಾಲೀಕರಿಗೆ,
ಹಳೆಯ ಕಾರುಗಳ ಡೆಂಟಿಂಗ್ ಮತ್ತು ಪೇಂಟಿಂಗ್ ವರ್ಕ್‌ಶಾಪ್, ಮುಂಬಯಿ

ವಿಷಯ: 1969ರ ಫಿಯೆಟ್ 1100 ಡಿಲೈಟ್ ಕಾರಿನ ತಗಡಿನ ಕೆಲಸವನ್ನು ಒಪ್ಪಿದಂತೆ ಮಾಡದೆ ತುಕ್ಕನ್ನು ಪುಟ್ಟಿಯಿಂದ (ಏರುಪೇರು ಮುಚ್ಚಲು ಮೆತ್ತುವ ಲೇಪದಿಂದ) ಮುಚ್ಚಿರುವುದು ಹಾಗೂ ಮೂಲ ಬಿಡಿಭಾಗಗಳನ್ನು ಹಿಂದಿರುಗಿಸದಿರುವುದು.

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನಾನು ಮೊದಲ ಸಲ ನಿಮ್ಮ ವರ್ಕ್‌ಶಾಪ್‌ಗೆ ಬಂದಾಗ ಊರು ಯಾವುದೆಂದು ಕೇಳಿದಿರಿ. ಕುಂದಾಪುರ ಎಂದೆ, ನಿಮ್ಮದು ಕಾರ್ಕಳ ಎಂದಿರಿ. ಆಮೇಲಿನ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಮೂರು ಸಲ, ಎದುರಿಗೆ ಬಂದು ಎರಡು ಸಲ ಹೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ.

ಇದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾದ ಕಾರು. ಮಾಟುಂಗದಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ಅಪ್ಪಯ್ಯ ದುಡ್ಡು ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ಕೊಂಡದ್ದು. ಪ್ರತಿ ಮೇ ತಿಂಗಳು ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿಕೊಂಡು ನಾವು ಇದರಲ್ಲೇ ಊರಿಗೆ ಹೋಗುತ್ತಿದ್ದೆವು. ಘಟ್ಟ ಇಳಿಯುವಾಗ ಸ್ಟಿಯರಿಂಗ್ ಪಕ್ಕದ ಗೇರಿನ ಹಿಡಿಯ ಮೇಲೆ ಅಪ್ಪಯ್ಯನ ಕೈ ಹೇಗಿರುತ್ತಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಹೋದ ಮೇಲೆ ಕಾರು ಹತ್ತು ವರ್ಷ ಸೊಸೈಟಿಯ ಅಂಗಳದಲ್ಲಿ ಹೊದಿಕೆಯಡಿ ನಿಂತಿತ್ತು. ತುಕ್ಕು ಹಿಡಿದಿತ್ತು ಎಂಬುದನ್ನು ನಾನು ಮುಚ್ಚಿಡಲಿಲ್ಲ. ಎರಡೂ ಬದಿಯ ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ತಗಡಿನ ಭಾಗ), ಹಿಂದಿನ ಬಾಗಿಲುಗಳ ಬುಡ, ಚಾಲಕನ ಕಾಲಡಿಯ ತಗಡು, ಎಲ್ಲವನ್ನೂ ನಿಮ್ಮ ಮಿಸ್ತ್ರಿಗೆ ನಾನೇ ಬಗ್ಗಿ ತೋರಿಸಿದ್ದೆ.

ಆಗಷ್ಟೇ, 2023ರ ಅಕ್ಟೋಬರ್ ಕೊನೆಯಲ್ಲಿ, ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಿತ್ತು. ಪದ್ಮಿನಿ ಎಂದರೆ ಇದೇ ಫಿಯೆಟ್‌ನ ಮುಂದಿನ ರೂಪ. "ಟ್ಯಾಕ್ಸಿಗಳೆಲ್ಲ ಗುಜರಿಗೆ ಹೋಗಿವೆ, ತಗಡಿಗೆ ಬರವಿಲ್ಲ. ಗಟ್ಟಿ ಸಿಲ್ ಹುಡುಕಿ ಬೆಸುಗೆ ಹಾಕಿಸುತ್ತೇನೆ" ಎಂದಿರಿ. ನೀವು ಸಹಿ ಮಾಡಿದ ಎಸ್ಟಿಮೇಟ್ ನನ್ನ ಬಳಿ ಇದೆ. ಹಳೆಯ ಬಣ್ಣವನ್ನು ಬರಿ ತಗಡು ಕಾಣುವವರೆಗೆ ತೆಗೆಯುವುದು, ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು, ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಅಗತ್ಯವಿದ್ದಷ್ಟೇ ಪುಟ್ಟಿ, ಕೊನೆಗೆ ಪಿಯು (ಪಾಲಿಯುರೆಥೇನ್) ಬಣ್ಣ: ಇವೆಲ್ಲ ಅದರಲ್ಲಿ ನಿಮ್ಮದೇ ಅಕ್ಷರದಲ್ಲಿವೆ. ಒಟ್ಟು 2,85,000 ರೂಪಾಯಿ. ಅದರಲ್ಲಿ ತಗಡಿನ ಕೆಲಸಕ್ಕೇ 1,40,000. ಮೂರು ತಿಂಗಳು ಎಂದಿದ್ದು ಆರು ತಿಂಗಳಾಯಿತು. ತಗಡಿನ ಕೆಲಸ ಅವಸರದಲ್ಲಿ ಆಗುವುದಲ್ಲ ಎಂದು ತಡವಾದದ್ದಕ್ಕೆ ನಾನು ಒಂದು ಮಾತೂ ಆಡಲಿಲ್ಲ. ಮೇ 18ರಂದು ಪೂರ್ತಿ ಹಣ ಕೊಟ್ಟು ಕಾರು ತಂದೆ.

ಬಣ್ಣ ಹೊಡೆದವರ ಕೈ ಒಳ್ಳೆಯದು. ಡ್ಯಾಶ್‌ಬೋರ್ಡಿನ ಒಳಮೈಯಲ್ಲಿ ಉಳಿದಿದ್ದ ಹಳೆಯ ತಿಳಿ ನೀಲಿಗೆ ಹೊಸ ನೀಲಿ ಹೆಚ್ಚುಕಡಿಮೆ ಹೊಂದುತ್ತದೆ. ಬಾನೆಟ್ಟಿನ ಮೇಲೆ ಎಲ್ಲಿಯೂ ಕಿತ್ತಳೆ ಸಿಪ್ಪೆಯಂಥ ತರಿ ಇಲ್ಲ. ನನ್ನ ದೂರು ಆ ಬಣ್ಣದ ಕೆಳಗೆ ಏನಿದೆ ಎಂಬುದರ ಬಗ್ಗೆ.

ಜುಲೈ ಮೊದಲ ವಾರ ಎಡಗಡೆಯ ಹಿಂಬಾಗಿಲಿನ ಕೆಳಗೆ, ಸಿಲ್ ಮೇಲೆ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ತಿಂಗಳ ಕೊನೆಗೆ ಅವು ಕಡಲೆ ಗಾತ್ರವಾದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿದಾಗ ಸಿಪ್ಪೆ ಒಡೆದು ಚಹಾದ ಬಣ್ಣದ ನೀರು ಜಿನುಗಿತು. ಅದೇ ಬಾಗಿಲನ್ನು ತೆರೆದು ಮುಚ್ಚಿದರೆ ಒಳಗಿನಿಂದ ಎಳನೀರನ್ನು ಅಲ್ಲಾಡಿಸಿದಂಥ ಸದ್ದು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಇರುವ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಮೇಲೆ ಬಣ್ಣ ಬಳಿದಿದ್ದರು. ಮಡಿಸಿದ ತಂತಿಯಿಂದ ಚುಚ್ಚಿದೆ. ಅರ್ಧ ಚೊಂಬಿನಷ್ಟು ನೀರು ಬಿತ್ತು.

ಭಾಂಡುಪ್‌ನ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆಸಿ ನೋಡಿಸಿದೆ. ಅವರು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಸಿಲ್ ಉದ್ದಕ್ಕೂ ಹಿಡಿದರು. ಮೂರಡಿಯಲ್ಲಿ ಎರಡು ಕಡೆ ಮಾತ್ರ ಅದು ಅಂಟಿತು. ಬಳಿಕ ನನ್ನ ಒಪ್ಪಿಗೆ ಪಡೆದು ಸ್ಕ್ರೂಡ್ರೈವರ್‌ನಿಂದ ಕೆರೆದರು. ಮೊದಲು ಬೆರಳು ದಪ್ಪದ ಪುಟ್ಟಿ, ಅದರಡಿ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ, ಜಾಲರಿಯ ಹಿಂದೆ ಉಂಡೆ ಮಾಡಿ ತುರುಕಿದ ಮರಾಠಿ ದಿನಪತ್ರಿಕೆ. ಒದ್ದೆಯಾಗಿದ್ದ ಆ ಕಾಗದವನ್ನು ಬಿಡಿಸಿ ನ್ಯೂಸ್‌ಪ್ರಿಂಟಿನ ಮೇಲಿನ ತಾರೀಖು ಓದಿದೆವು: 2024ರ ಮಾರ್ಚ್. ಆ ತಿಂಗಳು ಕಾರು ನಿಮ್ಮ ಶೆಡ್ಡಿನಲ್ಲಿತ್ತು. ಆದ್ದರಿಂದ ಇದು ಹಿಂದೆ ಯಾರೋ ಮಾಡಿದ ಕೆಲಸ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಪತ್ರಿಕೆಯ ತುಂಡನ್ನು ಒಣಗಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇನೆ. ಕೆರೆದದ್ದರ ವಿಡಿಯೋ ಕೂಡ ಇದೆ.

ಪುಟ್ಟಿಯನ್ನು ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಗಟ್ಟಿ ತಗಡಿನ ಮೇಲಿನ ಏರುಪೇರು ಮುಚ್ಚಲು ಎರಡು ಮೂರು ಮಿಲಿಮೀಟರ್ ಬಳಿಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಪುಟ್ಟಿ ನೀರು ಹೀರುತ್ತದೆ. ಜೀವಂತ ತುಕ್ಕಿನ ಮೇಲೆ ಅದನ್ನು ಮೆತ್ತಿದರೆ ಒಳಗಿನ ತುಕ್ಕು ಹಿಗ್ಗಿ ಬಣ್ಣವನ್ನು ಕೆಳಗಿನಿಂದಲೇ ಎತ್ತುತ್ತದೆ, ಮುಂಬಯಿಯ ಮಳೆಗಾಲದಲ್ಲಂತೂ ಒಂದೇ ತಿಂಗಳು ಸಾಕು. ಅದಕ್ಕಿಂತ ದೊಡ್ಡ ಮಾತು, ಈ ಫಿಯೆಟ್‌ಗೆ ಜೀಪಿಗಿರುವಂತೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಕಾರಿನ ಭಾರ ಹೊರುವುದರಲ್ಲಿ ಸಿಲ್‌ಗೆ ದೊಡ್ಡ ಪಾಲಿದೆ. ಅಲ್ಲಿ ತಗಡಿನ ಬದಲು ಕಾಗದ ತುಂಬಿದ ಕಾರಿನಲ್ಲಿ ನಾನು ಜೂನ್ ತಿಂಗಳಲ್ಲಿ ನನ್ನ ಮಗಳನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು ಲೋನಾವಳಕ್ಕೆ ಹೋಗಿಬಂದೆ. ಇದನ್ನು ನೆನೆದಾಗಲೆಲ್ಲ ನನ್ನ ಕೈ ನಡುಗುತ್ತದೆ. ಅಷ್ಟು ವರ್ಷ ಈ ಕೆಲಸದಲ್ಲಿರುವ ನಿಮಗೆ ಇದು ಗೊತ್ತಿಲ್ಲದ ವಿಷಯವಲ್ಲ.

"ಐವತ್ತು ವರ್ಷದ ಗಾಡಿ, ಮಳೆಗಾಲದಲ್ಲಿ ಇಷ್ಟಾದರೂ ಆಗುತ್ತದೆ" ಎಂದು ಆಗಸ್ಟ್ 9ರಂದು ನೀವು ವಾಟ್ಸಾಪ್ ಮಾಡಿದ್ದೀರಿ. ಐವತ್ತು ವರ್ಷದ ಗಾಡಿ ಎಂಬ ಕಾರಣಕ್ಕೇ ನಾನು ಸಾಮಾನ್ಯ ಗ್ಯಾರೇಜಿಗೆ ಹೋಗದೆ ನಿಮ್ಮಲ್ಲಿಗೆ ಬಂದದ್ದು. ಸಿಲ್ ಸಿಗಲಿಲ್ಲ, ದುಡ್ಡು ಸಾಲದು, ಹೊಸದಾಗಿ ಮಾಡಿಸಲು ಇನ್ನು ಮೂರು ತಿಂಗಳು ಬೇಕು ಎಂದು ಒಂದು ಮಾತು ಹೇಳಿದ್ದರೆ ನಾನು ಕಾಯುತ್ತಿದ್ದೆ. ಹೇಳದೆ ಮುಚ್ಚಿದ್ದೇ ನನಗೆ ಹೆಚ್ಚು ನೋವು ತಂದಿರುವುದು.

ಇನ್ನೊಂದು ವಿಷಯ ಮುಂಭಾಗದ ಗ್ರಿಲ್. ಮೂಲ ಗ್ರಿಲ್, ನಾಲ್ಕು ಚಕ್ರದ ಕಪ್‌ಗಳು ಮತ್ತು ಡಿಕ್ಕಿಯ ಮೇಲಿನ ಹೆಸರಿನ ಅಕ್ಷರಗಳನ್ನು ಕ್ರೋಮ್ ಹಾಕಿಸಲೆಂದು ಬಿಚ್ಚಿದಿರಿ. ಹಿಂದಿರುಗಿ ಬಂದ ಕಾರಿನಲ್ಲಿ ಇರುವುದು ಪದ್ಮಿನಿಯ ಗ್ರಿಲ್. ಉಳಿದವು ಬರಲೇ ಇಲ್ಲ. ಈ ಕಾರನ್ನು ವಿಂಟೇಜ್ ವಾಹನವಾಗಿ ನೋಂದಾಯಿಸುವ ಯೋಚನೆ ಇದೆ ಎಂದು ಮೊದಲ ದಿನವೇ ಹೇಳಿದ್ದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಕ್ಕೆ ಆ ಅವಕಾಶವಿದೆ, ಆದರೆ ಅದು ಮೂಲ ರೂಪದಲ್ಲಿ ಉಳಿದಿರಬೇಕು. ಪದ್ಮಿನಿಯ ಮುಖ ಹೊತ್ತ ಡಿಲೈಟನ್ನು ನಾನು ಯಾವ ಬಾಯಿಂದ ಮೂಲ ರೂಪ ಎನ್ನಲಿ?

ನಾನು ಕೇಳುವುದು ಇಷ್ಟು. ತಗಡಿನ ಕೆಲಸಕ್ಕೆ ಪಡೆದ 1,40,000 ರೂಪಾಯಿಯನ್ನು ಹಿಂದಿರುಗಿಸಿ. ಸಿಲ್ ಮತ್ತು ಬಾಗಿಲಿನ ಬುಡಕ್ಕೆ ಮತ್ತೆ ಬಣ್ಣ ಹೊಡೆಸಬೇಕಾಗುತ್ತದೆ. ಅದರ ಖರ್ಚಿನ ಕೊಟೇಶನ್ ಈ ಪತ್ರದೊಂದಿಗಿದೆ, ಅದನ್ನೂ ನೀವೇ ಭರಿಸಿ. ಕಾರನ್ನು ಮತ್ತೆ ನಿಮ್ಮ ಶೆಡ್ಡಿಗೆ ಬಿಡಲು ನಾನು ಸಿದ್ಧನಿಲ್ಲ, ಬೇರೆಡೆ ಮಾಡಿಸುತ್ತೇನೆ. ಹಾಗಾಗಿ ಬಣ್ಣ ಯಾವ ಕಂಪನಿಯದು, ಯಾವ ಅಳತೆಯಲ್ಲಿ ಬೆರೆಸಿದ್ದು ಎಂಬುದನ್ನು ಬರೆದು ಕಳುಹಿಸಿ, ಇಲ್ಲದಿದ್ದರೆ ಹೊಸ ತೇಪೆ ಎದ್ದು ಕಾಣುತ್ತದೆ. ಗ್ರಿಲ್, ಕಪ್‌ಗಳು, ಅಕ್ಷರಗಳು ಯಾವ ಸ್ಥಿತಿಯಲ್ಲಿದ್ದರೂ ನನಗೆ ಬೇಕು.

ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಎಸ್ಟಿಮೇಟ್, ರಸೀದಿಗಳು, ನಿಮ್ಮ ವಾಟ್ಸಾಪ್ ಸಂದೇಶಗಳು, ಮಿಸ್ತ್ರಿಯವರ ಲಿಖಿತ ವರದಿ ಎಲ್ಲವನ್ನೂ ಜೋಡಿಸಿ ಇಟ್ಟಿದ್ದೇನೆ.

ಎಡಗಡೆಯ ಸಿಲ್ ಅನ್ನು ಕೆರೆದಿದ್ದಂತೆಯೇ ಬಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತರ ನಂತರ ನಾನು ಮನೆಯಲ್ಲೇ ಇರುತ್ತೇನೆ. ನೀವೇ ಬನ್ನಿ, ನಿಮ್ಮ ಮಿಸ್ತ್ರಿಯನ್ನೂ ಕರೆತನ್ನಿ. ಬರುವಾಗ ಗ್ರಿಲ್ ತನ್ನಿ.

ಇಂತಿ,
ಫಿಯೆಟ್ ಡಿಲೈಟ್ ಕಾರಿನ ಮಾಲೀಕ