ಗೈಡ್ ಇದ್ದಾರೆಂದು ಬೀಕನ್ ಕಲಿಯದೆ ಹೊರಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಪುಡಿ ಹಿಮದ ಸ್ಕೀಯಿಂಗ್ ಕುರಿತು ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಮೊಣಕಾಲುದ್ದ ಹೊಸ ಹಿಮದಲ್ಲಿ ಇಳಿಯುವ ಸುಖದ ಬಗ್ಗೆ ಅಲ್ಲಿ ಬರೆದಿದ್ದೆಲ್ಲ ನಿಜ. ಆದರೆ ಸಿದ್ಧತೆಯ ವಿಷಯ ಬಂದಾಗ ‘ಗೈಡ್ ಜೊತೆಗಿರುತ್ತಾರೆ, ಸಲಕರಣೆ ಅಲ್ಲೇ ಬಾಡಿಗೆಗೆ ಸಿಗುತ್ತದೆ’ ಎಂಬ ಎರಡು ಮಾತಿನಲ್ಲಿ ಮುಗಿಸಲಾಗಿದೆ. ಹೀಗೆ ಗೈಡ್ ಮೇಲೆ ಭಾರ ಹಾಕಿ ಹೊರಡುವುದೇ ಅಪಾಯ. ಇಳಿಜಾರಿಗೆ ಮೊದಲು ಇಳಿಯುವವರು ಸಾಮಾನ್ಯವಾಗಿ ಗೈಡ್. ಹಿಮ ಕುಸಿದರೆ ಅದರಡಿ ಸಿಲುಕುವವರು ಅವರೇ ಆಗಬಹುದು. ಆಗ ಹುಡುಕಿ, ಅಗೆದು, ಹೊರತೆಗೆಯಬೇಕಾದವರು ಹಣ ಕೊಟ್ಟು ಹೋದ ಅತಿಥಿಗಳು.

ಹೊರಗಿನ ನೆರವಿಗೆ ಕಾಯುವಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ 1981ರಿಂದ 2020ರವರೆಗಿನ ದಾಖಲೆಗಳನ್ನು ಆಧರಿಸಿ 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ, ತಲೆ ಸಮೇತ ಹೂತುಹೋದವರು ಮೊದಲ 10 ನಿಮಿಷದವರೆಗೆ ಬದುಕಿರುವ ಪ್ರಮಾಣ ಶೇ 91. 30 ನಿಮಿಷವಾಗುವಷ್ಟರಲ್ಲಿ ಅದು ಶೇ 31ಕ್ಕೆ ಇಳಿಯುತ್ತದೆ. ಕಾರಣ, ಹೆಚ್ಚಿನವರಿಗೆ ಚಳಿಗಿಂತ ಮೊದಲು ಉಸಿರಾಟವೇ ಕೈಕೊಡುತ್ತದೆ. ಹಿಮದಡಿ ಇದ್ದಷ್ಟು ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಹವಾಮಾನ ಸರಿಯಿದ್ದು ಹೆಲಿಕಾಪ್ಟರ್ ತಕ್ಷಣ ಹೊರಟರೂ ಹತ್ತು ನಿಮಿಷದಲ್ಲಿ ತಲುಪಿ ಅಗೆಯುವುದು ಅಪರೂಪ.

ಹಾಗಾಗಿ ಸಿದ್ಧತೆ ಶುರುವಾಗಬೇಕಾದದ್ದು, ಸಿಗ್ನಲ್ ಕಳಿಸುವ ಹಾಗೂ ಹೂತವರ ಸಿಗ್ನಲ್ ಹುಡುಕುವ ಪುಟ್ಟ ರೇಡಿಯೊ ಸಾಧನವಾದ ಬೀಕನ್‌ನಿಂದ. ಎಲ್ಲ ಕಂಪನಿಗಳ ಬೀಕನ್‌ಗಳೂ 457 ಕಿಲೊಹರ್ಟ್ಜ್‌ನಲ್ಲೇ ಕೆಲಸ ಮಾಡುವುದರಿಂದ ಯಾರದು ಯಾವುದಾದರೂ ಪರಸ್ಪರ ಸಿಗುತ್ತವೆ. ಆದರೆ ಬಾಡಿಗೆಗೆ ತೆಗೆದುಕೊಳ್ಳುವವರು ಮೂರು ಆಂಟೆನಾ ಇರುವ ಡಿಜಿಟಲ್ ಬೀಕನನ್ನೇ ಕೇಳಬೇಕು. ಒಳ ಉಡುಪಿನ ಮೇಲೆ, ಜಾಕೆಟ್ಟಿನ ಒಳಗೆ ಅದರದೇ ಪಟ್ಟಿಯಿಂದ ಕಟ್ಟಿಕೊಳ್ಳಬೇಕು. ಬ್ಯಾಗಿನಲ್ಲಿಟ್ಟರೆ ಕುಸಿತದ ರಭಸಕ್ಕೆ ಬ್ಯಾಗು ಒಂದು ಕಡೆ, ಮನುಷ್ಯ ಒಂದು ಕಡೆ ಆಗಬಹುದು. ಬ್ಯಾಟರಿ ಆಲ್ಕಲೈನ್ ಆಗಿರಲಿ. ರೀಚಾರ್ಜ್ ಮಾಡುವ ಸಾಮಾನ್ಯ ಸೆಲ್ ಹಾಕಿದರೆ ಬೀಕನ್ ತೋರಿಸುವ ಶೇಕಡಾವಾರು ಅಂಕಿ ನಂಬುವಂತಿರುವುದಿಲ್ಲ. ಲಿಥಿಯಂ ಸೆಲ್‌ಗೆ ತಯಾರಕರು ಸ್ಪಷ್ಟವಾಗಿ ಅನುಮತಿ ಕೊಟ್ಟಿದ್ದರೆ ಮಾತ್ರ ಬಳಸಬಹುದು. ಋತು ಮುಗಿದ ಮೇಲೆ ಸೆಲ್ ತೆಗೆದಿಡದೆ ಬಿಟ್ಟರೆ ಸೋರಿಕೆಯಾಗಿ ಒಳಗಿನ ಲೋಹದ ತುದಿಗಳು ಹಾಳಾಗುತ್ತವೆ. ಸೆಲ್ ಹೊಸದಾಗಿದ್ದೂ ಬೀಕನ್ ಕೆಲಸ ಮಾಡದಿರಲು ಇದೂ ಕಾರಣವಾಗಬಹುದು.

ಇನ್ನೊಂದು ತೊಂದರೆ ಜೇಬಿನಲ್ಲಿರುವ ಮೊಬೈಲು. ಸಿಗ್ನಲ್ ಕಳಿಸುವ ಸ್ಥಿತಿಯಲ್ಲಿ ಬೀಕನ್‌ಗೂ ಬೇರೆ ಎಲೆಕ್ಟ್ರಾನಿಕ್ ವಸ್ತುಗಳಿಗೂ ಕನಿಷ್ಠ 20 ಸೆಂ.ಮೀ., ಹುಡುಕುವ ಸ್ಥಿತಿಯಲ್ಲಿ 50 ಸೆಂ.ಮೀ. ಅಂತರ ಬೇಕು. ಬಿಸಿ ಮಾಡುವ ಗ್ಲೌಸ್, ಎದೆಗೆ ಕಟ್ಟಿದ ಕ್ಯಾಮೆರಾ, ಸ್ಮಾರ್ಟ್ ವಾಚ್ ಎಲ್ಲವೂ ಇದರಲ್ಲಿ ಸೇರಿವೆ. ಹುಡುಕುವವರ ಬೀಕನ್‌ನಲ್ಲಿ ಇಲ್ಲದ ಸಿಗ್ನಲ್ ಕಾಣಿಸಿಕೊಂಡು ಅಮೂಲ್ಯ ನಿಮಿಷಗಳು ಹಾಳಾಗುವುದು ಹೀಗೆ.

ಹುಡುಕಾಟದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಹಿಮ ಕುಸಿದಾಗ ಕೊಚ್ಚಿಹೋಗುತ್ತಿರುವವರು ಕೊನೆಯದಾಗಿ ಕಂಡ ಜಾಗವನ್ನು ಕಣ್ಣಲ್ಲೇ ಗುರುತಿಟ್ಟುಕೊಳ್ಳಬೇಕು. ಹುಡುಕಾಟ ಅಲ್ಲಿಂದ ಕೆಳಕ್ಕೆ. ಉಳಿದ ಎಲ್ಲರೂ ತಮ್ಮ ಬೀಕನನ್ನು ಕಳಿಸುವ ಸ್ಥಿತಿಯಿಂದ ತೆಗೆಯಬೇಕು. ಒಬ್ಬರು ಮರೆತರೂ ಹುಡುಕುವವರು ಅವರನ್ನೇ ಸುತ್ತುತ್ತಾರೆ. ಮೊದಲ ಸಿಗ್ನಲ್ ಸಿಗುವವರೆಗೆ ಬೇಗ ಬೇಗ ಸಾಗುತ್ತಾ, ಕಣ್ಣಿಗೆ ಗ್ಲೌಸೋ ಸ್ಕೀಯೋ ಬೀಳುತ್ತದೆಯೇ ಎಂದು ನೋಡುತ್ತಿರಬೇಕು. ಸಿಗ್ನಲ್ ಸಿಕ್ಕ ಮೇಲೆ ಬಾಣದ ಗುರುತು ತೋರಿಸುವ ದಾರಿ ನೇರವಾಗಿರದೆ ಬಾಗಿರುತ್ತದೆ, ಅದು ಸಹಜ. ಬೀಕನ್ ತೋರಿಸುವ ದೂರದ ಅಂಕಿ ಕಡಿಮೆಯಾಗುತ್ತಿದ್ದರೆ ದಾರಿ ಸರಿ, ಏರುತ್ತಿದ್ದರೆ ಪೂರ್ತಿ ಹಿಂದಿರುಗಬೇಕು. 10 ಮೀಟರ್ ಒಳಗೆ ಬಂದಾಗ ನಿಧಾನಿಸಬೇಕು. 3 ಮೀಟರಿಗೆ ಬಂದರೆ ಬಗ್ಗಿ ಬೀಕನನ್ನು ಹಿಮದ ಮೇಲ್ಮೈಗೆ ತಾಗಿಸುವಂತೆ ಹಿಡಿದು, ಅತ್ತಿತ್ತ ತಿರುಗಿಸದೆ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಸರಿಸುತ್ತಾ ಅತಿ ಕಡಿಮೆ ಅಂಕಿಯ ಜಾಗ ಹಿಡಿಯಬೇಕು. ಹೆಚ್ಚಿನವರು ಎಡವುವುದು ಈ ಕೊನೆಯ ಮೂರು ಮೀಟರಿನಲ್ಲೇ. ಗಾಬರಿಯಲ್ಲಿ ಕೈಯನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಅಂಕಿ ಕುಣಿಯುತ್ತದೆ, ಮತ್ತೆ ಮೊದಲಿಂದ ಶುರು.

ಆ ಜಾಗದಿಂದ ಪ್ರೋಬ್ (ಹಿಮದೊಳಗೆ ಹುಡುಕುವ ಉದ್ದದ ಮಡಚು ಕೋಲು) ಚುಚ್ಚಲು ತೊಡಗಬೇಕು. ಇಳಿಜಾರಿಗೆ ಲಂಬವಾಗಿ, 25 ಸೆಂ.ಮೀ. ಅಂತರದಲ್ಲಿ, ಸುರುಳಿಯಾಕಾರದಲ್ಲಿ. ಮೆತ್ತಗೆ ತಾಗಿ ಹಿಂದಕ್ಕೆ ಒತ್ತಿದಂತಾದರೆ ಅದೇ ಮನುಷ್ಯ. ಪ್ರೋಬನ್ನು ಕೀಳಕೂಡದು, ಅಲ್ಲೇ ಬಿಡಬೇಕು. ಅಗೆಯುವುದು ಪ್ರೋಬ್ ಇರುವಲ್ಲಿ ನೇರ ಕೆಳಕ್ಕಲ್ಲ. ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಗೆ ನಿಂತು ಪ್ರೋಬಿನ ಕಡೆಗೆ ಅಗೆಯುತ್ತಾ ಸಾಗಬೇಕು. ಮೇಲೆ ನಿಂತು ಅಗೆದರೆ ಹೂತವರ ಮುಖದ ಬಳಿಯ ಗಾಳಿಯ ಜಾಗವನ್ನೇ ತುಳಿದು ಮುಚ್ಚಿದಂತೆ. ಕೆಳಗಿನಿಂದಾದರೆ ಹಿಮವನ್ನು ಎತ್ತಿ ಎಸೆಯುವ ಬದಲು ಹಿಂದಕ್ಕೆ ತಳ್ಳಿದರೆ ಸಾಕು. ತಲೆ ಸಿಕ್ಕ ಕೂಡಲೇ ಬಾಯಿ ಮೂಗು ತೆರವು ಮಾಡಬೇಕು, ಉಳಿದದ್ದು ಆಮೇಲೆ.

ಇದನ್ನೆಲ್ಲ ಅಲ್ಲಿಗೆ ಹೋದ ಮೇಲೆ ಬೆಳಿಗ್ಗೆ ಕಾಲು ಗಂಟೆಯ ಪಾಠದಲ್ಲಿ ಕಲಿತರಾಯಿತು ಎನ್ನುವುದು ಯುದ್ಧಕಾಲೇ ಶಸ್ತ್ರಾಭ್ಯಾಸವೇ ಸರಿ. ಅಭ್ಯಾಸಕ್ಕೆ ಹಿಮ ಬೇಕೆಂದಿಲ್ಲ. ಒಂದು ಬೀಕನನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬಯಲಿನ ಒಣ ಎಲೆಗಳಡಿ ಬಚ್ಚಿಟ್ಟು, ಇನ್ನೊಬ್ಬರು 50 ಮೀಟರ್ ದೂರದಿಂದ ಗಡಿಯಾರ ಇಟ್ಟುಕೊಂಡು ಹುಡುಕಲಿ. ಹೊರಡುವ ಮುಂಚೆ ಹತ್ತಾರು ಸಲ ಆಗಲಿ. ಒಂದೆರಡು ಸಲ ಗ್ಲೌಸ್ ಹಾಕಿಕೊಂಡೇ ಬೀಕನಿನ ಬಟನ್ ಒತ್ತಿ ಪ್ರೋಬ್ ಬಿಚ್ಚಿ ನೋಡಿ, ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಪ್ರೋಬ್ 240 ಸೆಂ.ಮೀ.ಗಿಂತ ಗಿಡ್ಡ ಇರಬಾರದು. ಸಲಿಕೆಯ ಅಲಗು ಲೋಹದ್ದೇ ಆಗಬೇಕು. ಕುಸಿದು ನಿಂತ ಹಿಮ ಕೆಲವೇ ಕ್ಷಣದಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಅಲಗು ಮುರಿಯುತ್ತದೆ. ಏರ್‌ಬ್ಯಾಗ್ (ಹಿಡಿ ಎಳೆದರೆ ಉಬ್ಬಿ, ಮನುಷ್ಯನನ್ನು ಹಿಮದ ಮೇಲ್ಭಾಗದಲ್ಲಿ ಉಳಿಸಲು ನೆರವಾಗುವ ಚೀಲ) ಇರುವ ಬೆನ್ನುಚೀಲ ಒಳ್ಳೆಯದು, ಆದರೆ ಮಂತ್ರದಂಡವಲ್ಲ. 2014ರ ಒಂದು ಅಧ್ಯಯನದಲ್ಲಿ, ದೊಡ್ಡ ಕುಸಿತಕ್ಕೆ ಸಿಕ್ಕವರಲ್ಲಿ ಏರ್‌ಬ್ಯಾಗ್ ಉಬ್ಬಿದಾಗ ಸಾವಿನ ಪ್ರಮಾಣ ಶೇ 22ರಿಂದ ಶೇ 11ಕ್ಕೆ ಇಳಿಯಿತು. ಆದರೆ ಐದರಲ್ಲಿ ಒಂದು ಸಲ ಅದು ಉಬ್ಬಲೇ ಇಲ್ಲ. ಹೆಚ್ಚಾಗಿ ಧರಿಸಿದವರು ಹಿಡಿ ಎಳೆದಿರಲಿಲ್ಲ. ತೊಡೆಸಂದಿನ ಪಟ್ಟಿ ಹಾಕದಿದ್ದರೆ ಉಬ್ಬಿದ ಚೀಲ ಮೇಲಕ್ಕೆ ಜಾರಿ ಕಳಚಿಹೋಗಬಹುದು. ಗ್ಯಾಸ್ ಸಿಲಿಂಡರ್ ಇರುವ ಮಾದರಿಯಾದರೆ ವಿಮಾನ ಕಂಪನಿಯ ಅನುಮತಿಯನ್ನು ಮುಂಚೆಯೇ ಬರಹದಲ್ಲಿ ಪಡೆಯಬೇಕು. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತುಂಬಿದ ಸಿಲಿಂಡರ್ ಬಿಡುವುದಿಲ್ಲ.

ರೆಸಾರ್ಟ್ ಒಳಗಷ್ಟೇ ಇರುತ್ತೇವೆ, ಇದೆಲ್ಲ ನಮಗೇಕೆ ಎನ್ನುವವರೂ ಇದ್ದಾರೆ. ರೆಸಾರ್ಟ್‌ನ ಪುಡಿ ಹಿಮದಲ್ಲಿ ಕುಸಿತಕ್ಕಿಂತ ಹೆಚ್ಚು ಕಾಡುವುದು ಮರದ ಬುಡದ ಗುಂಡಿ. ಜೋತುಬಿದ್ದ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಕಾಂಡದ ಸುತ್ತ ಹಿಮ ಗಟ್ಟಿಯಾಗದೆ ಟೊಳ್ಳಾಗಿರುತ್ತದೆ. ಅದರೊಳಗೆ ತಲೆಕೆಳಗಾಗಿ ಬಿದ್ದರೆ ಒಬ್ಬರೇ ಹೊರಬರುವುದು ಬಹಳ ಕಷ್ಟ. ಒದ್ದಾಡಿದಷ್ಟೂ ಸುತ್ತಲಿನ ಹಿಮ ಮೈಮೇಲೆ ಸುರಿಯುತ್ತದೆ. ಹಾಗಾಗಿ ಮರಗಳ ನಡುವೆ ಕೋಲಿನ ಪಟ್ಟಿಯನ್ನು ಮಣಿಕಟ್ಟಿನಿಂದ ತೆಗೆದುಹಾಕಿ, ಇಬ್ಬಿಬ್ಬರಾಗಿ, ಒಬ್ಬರಿಗೊಬ್ಬರು ಕಾಣುವಂತೆ ಇಳಿಯಬೇಕು. ಬೀಳುತ್ತಿರುವಾಗ ಕಾಂಡವನ್ನೋ ಕೊಂಬೆಯನ್ನೋ ತಬ್ಬಿಹಿಡಿಯಬೇಕು. ಬಿದ್ದರೆ ಮುಖದ ಮುಂದೆ ಗಾಳಿಗೆ ಜಾಗ ಮಾಡಿಕೊಂಡು ಸುಮ್ಮನಿರಬೇಕು. ‘ಕೆಳಗೆ ಲಿಫ್ಟ್ ಬಳಿ ಸಿಗೋಣ’ ಎಂದು ಬೇರೆ ಬೇರೆಯಾಗಿ ಹೋದರೆ, ಒಬ್ಬರು ಬಂದಿಲ್ಲವೆಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕಾಲಿನ ವಿಷಯ. ಪುಡಿ ಹಿಮಕ್ಕೆ ಹಿಂದಕ್ಕೆ ವಾಲಿ ನಿಲ್ಲಬೇಕು ಎಂಬ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ, ಅದನ್ನು ನಂಬಿದವರ ತೊಡೆ ಮಧ್ಯಾಹ್ನಕ್ಕೇ ಉರಿಯುತ್ತದೆ. ಎರಡೂ ಸ್ಕೀ ಮೇಲೆ ಸಮಭಾರ, ಮೈ ನಡುವೆ ಇರಬೇಕು. ಎಂಟು ವಾರ ಮುಂಚೆಯೇ ವಾರಕ್ಕೆ ಮೂರು ದಿನ ನಿಧಾನವಾಗಿ ಇಳಿಯುವ ಸ್ಕ್ವಾಟ್, ಒಂಟಿ ಕಾಲಿನ ಲಂಜ್, 8ರಿಂದ 10 ಕಿಲೊ ಬೆನ್ನಿಗೆ ಹಾಕಿ ಮೆಟ್ಟಿಲು ಹತ್ತಿಳಿಯುವುದು ಬೇಕು. ರೆಸಾರ್ಟ್ ಗಡಿಯಾಚೆಯ ಬ್ಯಾಕ್‌ಕಂಟ್ರಿಯಲ್ಲಿ ಗಂಟೆಗೆ 300 ಮೀಟರ್ ಎತ್ತರದಂತೆ ಎರಡು ಗಂಟೆ ಏರಿ, ಆಮೇಲೂ ಚೆನ್ನಾಗಿ ಇಳಿಯುವಷ್ಟು ಶಕ್ತಿ ಉಳಿದಿರಬೇಕು. ಸ್ನೋಬೋರ್ಡಿನವರಿಗೆ ಸಮತಟ್ಟಾದ ಉದ್ದ ದಾರಿಗಳೇ ತಲೆನೋವು. ಅವರು ಸ್ಪ್ಲಿಟ್‌ಬೋರ್ಡ್ (ಏರಲು ಎರಡು ಸ್ಕೀಯಾಗಿ ಬಿಡಿಸಬಹುದಾದ ಸ್ನೋಬೋರ್ಡ್) ಬಿಚ್ಚಿ ಜೋಡಿಸುವುದನ್ನು ಮನೆಯಲ್ಲೇ ಹಲವು ಸಲ ಮಾಡಿರಬೇಕು.

ಸ್ಕೀ ಬಾಡಿಗೆಗೆ ಸಿಕ್ಕರೂ ಬೂಟು ಸ್ವಂತದ್ದಾಗಿದ್ದರೆ ಒಳ್ಳೆಯದು. ನಡುವಿನಲ್ಲಿ 100ರಿಂದ 115 ಮಿ.ಮೀ. ಅಗಲದ ಸ್ಕೀ ಸಾಮಾನ್ಯವಾಗಿ ಸಾಕು. ಬೂಟಿನ ಅಟ್ಟೆ, ಬೂಟನ್ನು ಸ್ಕೀಗೆ ಕಚ್ಚಿಸುವ ಎಲ್ಲ ಬೈಂಡಿಂಗ್‌ಗೂ ಹೊಂದುವುದಿಲ್ಲ. ಸಾಮಾನ್ಯ ಬೂಟಿನ ಮಾನದಂಡ ಐಎಸ್‌ಒ 5355, ಏರುವುದಕ್ಕೂ ಬಳಸುವ ಟೂರಿಂಗ್ ಬೂಟಿನದು 9523. ಬಾಡಿಗೆ ಕೊಡುವವರಿಗೆ ಇದನ್ನು ಮೊದಲೇ ಹೇಳಬೇಕು. ಬೂಟಿನ ಮೂತಿಯನ್ನು ಎರಡು ಪಿನ್ನುಗಳಿಂದ ಹಿಡಿಯುವ ಪಿನ್ ಬೈಂಡಿಂಗ್ ಆದರೆ ಪ್ರತಿಸಲ ಹಾಕುವ ಮುಂಚೆ ಬೂಟಿನ ಮೂತಿಯ ಎರಡು ಕುಳಿಗಳಲ್ಲಿ ಮಂಜು ಕಟ್ಟಿದೆಯೇ ಎಂದು ನೋಡಿ ಕೆರೆದು ತೆಗೆಯಿರಿ. ಕಚ್ಚಿಕೊಂಡಂತೆ ಕಂಡು ಮೊದಲ ತಿರುವಿನಲ್ಲೇ ಬಿಟ್ಟುಕೊಳ್ಳಲು ಅದೇ ಕಾರಣ. ಏರಲು ಸ್ಕೀ ತಳಕ್ಕೆ ಅಂಟಿಸುವ ಸ್ಕಿನ್ ಲೋಹದ ಅಂಚನ್ನು ಬಿಟ್ಟು ಉಳಿದ ತಳವನ್ನೆಲ್ಲ ಮುಚ್ಚಬೇಕು. ತೆಗೆದ ಮೇಲೆ ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ, ತಣ್ಣಗಾದರೆ ಅಂಟು ಹಿಡಿಯುವುದಿಲ್ಲ. ರಾತ್ರಿ ಒಣಗಿಸುವಾಗ ಹೀಟರ್ ಮೇಲೆ ಹಾಕಿದರೆ ಅಂಟು ಕರಗಿ ಸ್ಕೀ ತಳಕ್ಕೆ ಬಳಿದುಕೊಳ್ಳುತ್ತದೆ. ಎರಡು ರಬ್ಬರ್ ಸ್ಕೀ ಪಟ್ಟಿ ಜೊತೆಗಿದ್ದರೆ ಸ್ಕಿನ್, ಬಕಲ್, ಮುರಿದ ಕೋಲು ಎಲ್ಲವನ್ನೂ ಹೇಗೋ ಕಟ್ಟಿಕೊಂಡು ವಾಪಸಾಗಬಹುದು.

ಬಟ್ಟೆಯಲ್ಲಿ ಹತ್ತಿ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಏರಲು ಶುರುಮಾಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ಉಡುಪು ಇರಲಿ. ಕಾಲುಚೀಲ ಒಂದೇ ಜೊತೆ, ತೆಳ್ಳನೆಯದು. ಎರಡು ಹಾಕಿದರೆ ರಕ್ತ ಸಂಚಾರ ಕಡಿಮೆಯಾಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಗಾಗಲ್ಸನ್ನು ಬೆವರಿದ ಹಣೆಗೆ ಏರಿಸಬೇಡಿ, ಒಳಗಿನ ಗಾಜನ್ನು ಒರೆಸಬೇಡಿ.

ಗೈಡನ್ನು ಗೊತ್ತುಮಾಡುವಾಗ ಐಎಫ್‌ಎಂಜಿಎ (ಪರ್ವತ ಗೈಡುಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾನ್ಯತೆ ಇದೆಯೇ, ಗುಂಪಿನಲ್ಲಿ ಎಷ್ಟು ಜನ, ಹವಾಮಾನ ಕೆಟ್ಟರೆ ಬದಲಿ ಯೋಜನೆ ಏನು ಎಂದು ಕೇಳಿ. ನಿಮ್ಮ ಸಾಮರ್ಥ್ಯವನ್ನು ಹೆಚ್ಚಿಸಿ ಹೇಳಬೇಡಿ. ದಿನದ ಹಿಮಕುಸಿತ ಮುನ್ಸೂಚನೆಯನ್ನು ನೀವೂ ಓದಿ. ಐದು ಹಂತಗಳ ಮಾಪಕದಲ್ಲಿ 3 ಎಂದರೆ ನಡುವಿನದು ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ. ಯುರೋಪಿನಲ್ಲಿ ಸಾವುಗಳ ಸುಮಾರು ಅರ್ಧ ಆಗುವುದು ಈ ಹಂತದಲ್ಲೇ. ಕುಸಿಯುವ ಇಳಿಜಾರುಗಳು ಹೆಚ್ಚಾಗಿ 30ರಿಂದ 45 ಡಿಗ್ರಿ, ಅಂದರೆ ಸ್ಕೀ ಮಾಡಲು ಎಲ್ಲರಿಗೂ ಇಷ್ಟವಾಗುವ ಇಳಿಜಾರುಗಳೇ. ಗೈಡ್ ‘ಒಬ್ಬೊಬ್ಬರಾಗಿ ಬನ್ನಿ, ನನ್ನ ಗೆರೆಯ ಎಡಕ್ಕೇ ಇರಿ’ ಎಂದರೆ ಅದಕ್ಕೆ ಕಾರಣವಿರುತ್ತದೆ. ಕಾರಣ ಕೇಳಲು ಹಿಂಜರಿಯಬೇಡಿ, ಆದರೆ ಪಾಲಿಸಿದ ಮೇಲೆ ಕೇಳಿ. ಇವತ್ತು ಬೇಡ ಎಂದು ಅವರು ಹಿಂದಿರುಗಿದರೆ ಕೊಟ್ಟ ಹಣದ ಲೆಕ್ಕ ತೆಗೆಯಬೇಡಿ.

ಸಾಮಾನ್ಯ ಪ್ರವಾಸ ವಿಮೆ ರೆಸಾರ್ಟ್ ಗಡಿಯ ಆಚೆಗೆ ಅನ್ವಯಿಸದಿರಬಹುದು. ಆಫ್-ಪಿಸ್ಟ್ (ಸಿದ್ಧಪಡಿಸಿದ ದಾರಿಯ ಹೊರಗಿನ) ಸ್ಕೀಯಿಂಗ್, ಹುಡುಕಾಟ ಮತ್ತು ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ ಎಂದು ಪಾಲಿಸಿಯ ಷರತ್ತಿನಲ್ಲೇ ಓದಬೇಕು, ಏಜೆಂಟರ ಬಾಯಿಮಾತು ಸಾಲದು. ಪಾಲಿಸಿ ಸಂಖ್ಯೆ ಮತ್ತು ತುರ್ತು ದೂರವಾಣಿಯನ್ನು ಕಾಗದದಲ್ಲಿ ಬರೆದು ಒಳಜೇಬಿನಲ್ಲಿಡಿ. ಚಳಿಗೆ ಮೊಬೈಲು ಬ್ಯಾಟರಿ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು.

ಇತಿ,
ನಿಮ್ಮ ಓದುಗ