ಲ್ಯಾಟಿಮರ್ ಬಲ್ಬ್ ಕಂಡುಹಿಡಿಯಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದ ರಸಪ್ರಶ್ನೆಯಲ್ಲಿ ‘ವಿದ್ಯುತ್ ಬಲ್ಬ್ ಕಂಡುಹಿಡಿದವರು ಯಾರು?’ ಎಂಬುದಕ್ಕೆ ‘ಎಡಿಸನ್ ಅಲ್ಲ, ಕಪ್ಪು ವರ್ಣೀಯ ಲೂಯಿಸ್ ಲ್ಯಾಟಿಮರ್’ ಎಂಬ ಉತ್ತರ ಅಚ್ಚಾಗಿದೆ. ಮೊಬೈಲಿನಲ್ಲಿ ಸುತ್ತುತ್ತಿರುವ ಸಂದೇಶವೊಂದರಲ್ಲೂ ಇದೇ ವಾಕ್ಯವಿದೆ. ಮೂವತ್ತು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಬೇರೆಯವರ ಯೋಚನೆಗಳಿಗೆ ಗೆರೆ ಎಳೆದವನು ನಾನು. ಅಮೆರಿಕದ ಲ್ಯಾಟಿಮರ್ ನನ್ನ ಕಸುಬಿನವರು, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರ ಹೆಸರು ಕಂಡು ಹಿಗ್ಗಿದೆ, ಉತ್ತರ ಓದಿ ಪೆಚ್ಚಾದೆ.

ಎಡಿಸನ್ನರ ದೀಪ ಬೆಳಗಿದ್ದು 1879ರಲ್ಲಿ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಅದಕ್ಕೂ ಮೊದಲೇ ಈ ಕೆಲಸಕ್ಕೆ ಕೈ ಹಾಕಿದ್ದರು. ಲ್ಯಾಟಿಮರ್ ಮಾಡಿದ್ದೇ ಬೇರೆ. ಬಲ್ಬಿನೊಳಗಿನ ಎಳೆಯನ್ನು ಸುಟ್ಟು ಇಂಗಾಲವಾಗಿಸುವಾಗ ಅದು ಸೊಟ್ಟಗಾಗುತ್ತಿತ್ತು, ಮುರಿಯುತ್ತಿತ್ತು. ಕೆಂಡದ ಮೇಲೆ ಹಪ್ಪಳ ಸುಟ್ಟವರಿಗೆ ಈ ಕಷ್ಟ ಗೊತ್ತು. ಎಳೆಯನ್ನು ರಟ್ಟಿನ ಲಕೋಟೆಯೊಳಗಿಟ್ಟು ಸುಟ್ಟರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ, ಎಳೆ ಆಕಾರ ಕೆಡದೆ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಎಡಿಸನ್ನರ ಎದುರಾಳಿ ಹೈರಮ್ ಮ್ಯಾಕ್ಸಿಮ್ ಅವರ ಕಂಪನಿಯಲ್ಲಿದ್ದಾಗಿನ ಕೆಲಸವಿದು. 1882ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಅವರು ಎಡಿಸನ್ನರ ಬಳಿಗೆ ಹೋದದ್ದು 1884ರಲ್ಲಿ. ಅಲ್ಲಿ ಪೇಟೆಂಟ್ ಮೊಕದ್ದಮೆಗಳಿಗೆ ನಕ್ಷೆ ಬರೆದುಕೊಟ್ಟರು, ಪರಿಣತ ಸಾಕ್ಷಿಯಾಗಿ ಹೇಳಿಕೆಯನ್ನೂ ಕೊಟ್ಟರು.

ಅವರ ತಂದೆ ತಾಯಿ 1842ರಲ್ಲಿ ವರ್ಜೀನಿಯಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಾಸ್ಟನ್ ಸೇರಿದವರು. ಮಗ ಪೇಟೆಂಟ್ ವಕೀಲರ ಕಚೇರಿಯಲ್ಲಿ ವಾರಕ್ಕೆ 3 ಡಾಲರ್ ಸಂಬಳಕ್ಕೆ ಸೇರಿ, ಡ್ರಾಫ್ಟ್ಸ್‌ಮನ್‌ಗಳ ಕೈ ನೋಡಿ ನೋಡಿ ಕೆಲಸ ಕಲಿತರು. ಗ್ರಹಾಂ ಬೆಲ್ಲರ ಟೆಲಿಫೋನ್ ಪೇಟೆಂಟಿಗೆ ನಕ್ಷೆ ಬರೆಯುವಾಗ, ಬೆಲ್ ರಾತ್ರಿಯ ತರಗತಿ ಮುಗಿಸಿ ಬರುವವರೆಗೆ ಒಂಬತ್ತು ಗಂಟೆ ದಾಟಿದರೂ ಕಚೇರಿಯಲ್ಲೇ ಕಾಯಬೇಕಾಗುತ್ತಿತ್ತು ಎಂದು ಲ್ಯಾಟಿಮರ್ ಬರೆದುಕೊಂಡಿದ್ದಾರೆ. ಆ ಕಾಯುವಿಕೆ ನನಗೆ ಚೆನ್ನಾಗಿ ಗೊತ್ತು. ನಕ್ಷೆಯ ಮೂಲೆಯ ಪುಟ್ಟ ಚೌಕದಲ್ಲಿ ನಮ್ಮ ಸಹಿ ಇದ್ದರೆ ಅದೇ ದೊಡ್ಡದು.

ಸಂಚಾರ ಸಿಗ್ನಲ್ ಕಂಡುಹಿಡಿದವರು ಕಪ್ಪು ವರ್ಣೀಯ ಗ್ಯಾರೆಟ್ ಮೋರ್ಗನ್ ಎಂಬ ಎರಡನೇ ಪ್ರಶ್ನೆಯ ಉತ್ತರವೂ ಹೀಗೇ ಜಾರಿದೆ. ಮೋರ್ಗನ್ 1923ರಲ್ಲಿ ಪೇಟೆಂಟ್ ಪಡೆದದ್ದು ಟಿ ಆಕಾರದ, ಕೈಯಿಂದ ತಿರುಗಿಸುವ ಸಿಗ್ನಲ್ ಕಂಬಕ್ಕೆ. ಒಂದು ದಿಕ್ಕಿಗೆ ದಾರಿ ಬಿಡುವ ಮೊದಲು ಎಲ್ಲ ದಿಕ್ಕಿನ ವಾಹನಗಳನ್ನೂ ತಡೆದು ನಿಲ್ಲಿಸುವ ಏರ್ಪಾಡು ಅದರಲ್ಲಿತ್ತು. ಅವರ ಊರಾದ ಕ್ಲೀವ್‌ಲ್ಯಾಂಡಿನಲ್ಲೇ 1914ರಲ್ಲಿ ವಿದ್ಯುತ್ ಸಿಗ್ನಲ್ ಬಂದಾಗಿತ್ತು. ಮಕ್ಕಳಿಗೆ ಮೋರ್ಗನ್ ಬಗ್ಗೆ ಹೇಳಲೇಬೇಕಾದದ್ದು ಹೊಗೆಯ ನಡುವೆಯೂ ಉಸಿರಾಡಲು ಅವರು ಮಾಡಿದ ಮುಸುಕಿನ ಕಥೆ. ಅದನ್ನು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮಾರಲು ಬಿಳಿಯನೊಬ್ಬನನ್ನು ‘ಇವರೇ ಸಂಶೋಧಕರು’ ಎಂದು ಮುಂದೆ ನಿಲ್ಲಿಸಬೇಕಾಯಿತು. 1916ರಲ್ಲಿ ಈರಿ ಸರೋವರದ ಕೆಳಗಿನ ಸುರಂಗದಲ್ಲಿ ಸ್ಫೋಟವಾದಾಗ ಮೋರ್ಗನ್ ತಾವೇ ಆ ಮುಸುಕು ತೊಟ್ಟು ಒಳಗಿಳಿದರು.

ಹೆಸರು ಕಳೆದುಹೋದದ್ದು ಮರೆವಿನಿಂದಷ್ಟೇ ಅಲ್ಲ, ಕಾನೂನಿನಿಂದಲೂ ಹೌದು. ಮಿಸಿಸಿಪಿಯಲ್ಲಿ ನೆಡ್ ಎಂಬ ಗುಲಾಮ ಹತ್ತಿ ಹೊಲಕ್ಕೆ, ನಮ್ಮ ಎಡೆಕುಂಟೆಯ ಜಾತಿಯ ಉಪಕರಣವೊಂದನ್ನು ರೂಪಿಸಿದ. ಪೇಟೆಂಟ್ ತನಗೆ ಬೇಕೆಂದು ಅರ್ಜಿ ಹಾಕಿದವನು ಅವನ ಒಡೆಯ ಆಸ್ಕರ್ ಸ್ಟುವರ್ಟ್. ಗುಲಾಮನ ದುಡಿಮೆ ಒಡೆಯನದಾದರೆ ಬುದ್ಧಿಯೂ ಒಡೆಯನದೇ ಎಂಬುದು ಅವನ ವಾದ. ಗುಲಾಮನ ಸಂಶೋಧನೆಗೆ ಯಾರ ಹೆಸರಿನಲ್ಲೂ ಪೇಟೆಂಟ್ ಕೊಡಲಾಗದು ಎಂದು 1858ರಲ್ಲಿ ಅಮೆರಿಕ ಸರ್ಕಾರದ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. ಸ್ಟುವರ್ಟ್ ಆದರೂ ಉಪಕರಣ ಮಾರಿದ.

ಪೇಟೆಂಟ್ ದಾಖಲೆಗಳಲ್ಲಿ ಮೈಬಣ್ಣದ ಕಾಲಂ ಇರುವುದಿಲ್ಲ. ಅಮೆರಿಕದ ಪೇಟೆಂಟ್ ಕಚೇರಿಯಲ್ಲೇ ಪರೀಕ್ಷಕರಾಗಿದ್ದ ಕಪ್ಪು ವರ್ಣೀಯ ಹೆನ್ರಿ ಬೇಕರ್, 1900ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ಪೇಟೆಂಟ್ ವಕೀಲರಿಗೆ ಪತ್ರಗಳನ್ನು ಕಳುಹಿಸಿ ಕಪ್ಪು ವರ್ಣೀಯ ಸಂಶೋಧಕರ ಪಟ್ಟಿಯನ್ನು ಹೆಸರು ಹೆಸರಾಗಿ ಕೂಡಿಸಿದರು. ಅಷ್ಟು ಪಾಡುಪಟ್ಟು ಕೂಡಿಸಿದ್ದನ್ನು ನಾವು ಉತ್ಪ್ರೇಕ್ಷೆಯಿಂದ ಕೆಡಿಸುವುದು ಬೇಡ. ಎಡಿಸನ್ ಎಂದು ಬರೆದ ಮಗುವಿಗೆ ಸುಳ್ಳು ಕಲಿತೆ ಎನ್ನಿಸಿದರೆ, ಮುಂದೊಂದು ದಿನ ನಿಜ ತಿಳಿದಾಗ ಅದು ಲ್ಯಾಟಿಮರ್ ಹೆಸರನ್ನೇ ಸುಳ್ಳಿನ ಜೊತೆ ಎಸೆದುಬಿಡುತ್ತದೆ.

ಮುಂದಿನ ಭಾನುವಾರ ತಿದ್ದುಪಡಿ ಹಾಕುತ್ತೀರೆಂದು ನಂಬಿದ್ದೇನೆ. ಜಾಗವಿದ್ದರೆ ಆ ರಟ್ಟಿನ ಲಕೋಟೆಯ ಚಿತ್ರವನ್ನೂ ಹಾಕಿ. ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಇಂತಿ,
ನಿವೃತ್ತ ಡ್ರಾಫ್ಟ್ಸ್‌ಮನ್, ದಾವಣಗೆರೆ